ಪಟ್ಟಿಯಲ್ಲಿ ಇಲ್ಲದ್ದು

"ಎರಡೂ ಒಕ್ಕೂಟವೇ ಅಂದ್ಮೇಲೆ ವ್ಯತ್ಯಾಸ ಏನ್ಬಂತು ಸರ್?" ಎಂದು ಶಾಖಾ ಗ್ರಂಥಾಲಯದ ಗ್ರಂಥಪಾಲಕಿ ಕೇಳಿದಳು.

ಹಲವು ವರ್ಷಗಳಿಂದ ಅಲ್ಲಿಗೆ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರು ಕಾಗದದ ನಡುವೆ ಗೆರೆ ಎಳೆದಿದ್ದರು. ಎಡಕ್ಕೆ ಅಮೆರಿಕ, ಬಲಕ್ಕೆ ಕೆನಡಾ.

"ಸಂವಿಧಾನದಲ್ಲಿ ಅಧಿಕಾರಗಳ ಪಟ್ಟಿ ಬರೆದೋರಿಗೆ ಹೊಳೀದೇ ಹೋಗಿದ್ದು ಯಾರಿಗೆ ಸೇರುತ್ತೆ, ಅದೇ ವ್ಯತ್ಯಾಸ ಕಣಮ್ಮ. ಅಮೆರಿಕದಲ್ಲಿ ರಾಜ್ಯಗಳಿಗೆ. ಕೆನಡಾದಲ್ಲಿ ಕೇಂದ್ರಕ್ಕೆ."

"ನಿಮ್ಮನೇಲಿ?"

"ನಮ್ಮನೆ ಕೆನಡಾ. ಬಿಟ್ಟುಹೋಗಿದ್ದೆಲ್ಲ ನಮ್ಮ ಯಜಮಾನಿಗೆ."

ಐದೂಕಾಲಿಗೆ ಹೊಲಿಗೆ ಕಾರ್ಖಾನೆಯ ಹೆಂಗಸು ಬಂದಳು. ಸೆರಗಿಗೆ ದಾರದ ತುಣುಕುಗಳು ಅಂಟಿದ್ದವು. ಅವಳು ಓದಬೇಕಾದ ಪುಸ್ತಕವನ್ನು ಮನೆಗೆ ಕೊಡುವಂತಿರಲಿಲ್ಲ. ಗ್ರಂಥಾಲಯದ ಬಾಗಿಲು ಐದೂವರೆಗೆ ಮುಚ್ಚುತ್ತಿತ್ತು. ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ದಿನಕ್ಕೆ ಹದಿನೈದು ನಿಮಿಷದಂತೆ ಎರಡು ಗಂಟೆ, ಪುಟಗಳು ಆರುನೂರು. ಕಳೆದ ವರ್ಷ ನಾಲ್ಕು ಅಂಕ ಸಾಲದೆ ಹೋಗಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು.

ಅವಳಿಗಾಗಿ ಸಮಯ ವಿಸ್ತರಿಸುವಂತೆ ಕೋರಿ ಗ್ರಂಥಪಾಲಕಿ ಕೇಂದ್ರ ಕಚೇರಿಗೆ ಪತ್ರ ಬರೆಯುತ್ತಿದ್ದಳು. ಉತ್ತರಕ್ಕೆ ತಿಂಗಳಾದರೂ ಹಿಡಿಯುತ್ತಿತ್ತು. ನಿಯಮದ ಸಂಖ್ಯೆ ನಮೂದಿಸಲೆಂದು ಕೈಪಿಡಿ ತೆರೆದಳು. ಶಾಖೆಯ ಅಧಿಕಾರಗಳು ಹದಿಮೂರು, ಕೇಂದ್ರ ಕಚೇರಿಯವು ಹತ್ತೊಂಬತ್ತು. ಮೂವತ್ತೆರಡರ ಮೇಲೂ ಬೆರಳಾಡಿಸಿದಳು.

"ಸರ್, ಬಾಗಿಲು ಮುಚ್ಚೋ ಹೊತ್ತು ಎರಡರಲ್ಲೂ ಇಲ್ಲ! ಹಾಗಾದ್ರೆ ಐದೂವರೆ ಎಲ್ಲಿಂದ ಬಂತು?"

"ನಿಮ್ಮ ಹಿಂದಿನೋರಿಗೆ ಐದೂಮುಕ್ಕಾಲಿಗೆ ಬಸ್ಸು. ಅದೇ ವೇದವಾಕ್ಯ ಆಯ್ತು."

ಒಂಬತ್ತು ವರ್ಷ ಆ ಬಸ್ಸಿನ ವೇಳೆಗೆ ತಾನು ಬೀಗ ಹಾಕಿದ್ದನ್ನು ಗ್ರಂಥಪಾಲಕಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಇದು ಅಮೆರಿಕಾನೋ ಕೆನಡಾನೋ ಸರ್?"

"ಅದನ್ನೂ ಬರೆದಿಲ್ಲ. ನೀವು ಕೇಳಿ ಬರೆದ್ರೆ ಕೆನಡಾ."

"ಕೇಳದೆ ಮಾಡಿದ್ರೆ?"

"ಅಮೆರಿಕ. ಆದ್ರೆ ಮೆಮೊ ಬಂದ್ರೆ ನಿಮ್ಮ ಹೆಸರಿಗೇ ಬರುತ್ತೆ, ನನ್ನ ಹೆಸರಿಗಲ್ಲ."

ಗಡಿಯಾರ ಐದೂವರೆ ತೋರಿಸಿತು. ಹೊಲಿಗೆಯವಳು ಪುಸ್ತಕ ಮುಚ್ಚಿ ಎದ್ದಳು. "ಹೊರಟೆ ಅಕ್ಕಾ, ಬೀಗ ಹಾಕ್ಕೊಳ್ಳಿ."

ಗ್ರಂಥಪಾಲಕಿ ಅರ್ಧ ಬರೆದ ಪತ್ರವನ್ನು ಎರಡಾಗಿ ಮಡಚಿದಳು.

"ಕೂತ್ಕೋ. ಎಂಟಕ್ಕೆ ಹಾಕ್ತೀನಿ."

"ಇವತ್ತೊಂದಿನಾನಾ?"

"ದಿನಾ."

ಹೊಲಿಗೆಯವಳು ಗ್ರಂಥಪಾಲಕಿಯ ಮುಖವನ್ನೂ ಮೇಷ್ಟ್ರ ಮುಖವನ್ನೂ ನೋಡಿದಳು. ಕುಳಿತು ಪುಸ್ತಕ ತೆರೆದಳು. ಮೇಜಿನ ಕೆಳಗೆ ಒಂದಾದ ಮೇಲೊಂದರಂತೆ ಚಪ್ಪಲಿ ಕಳಚಿ, ಪಾದಗಳನ್ನು ತಣ್ಣನೆಯ ನೆಲದ ಮೇಲೆ ಚಾಚಿದಳು.