ಗೊತ್ತಿಲ್ಲದವರಿಗೆ ಹೇಳಿ

ಒಲಿಂಡಾ ಆ ಒಂದೇ ಪಾಪವನ್ನು ಪಾದ್ರಿಗಳ ಮುಂದೆ ಹೇಳುತ್ತಿದ್ದುದು ಇದು ಎಂಟನೆಯ ವರ್ಷ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಪಾಪನಿವೇದನೆಯ ಜಾಲರಿಯ ಹತ್ತಿರ ಮೊಣಕಾಲೂರಿ ಅದೇ ಮಾತು: "ನನ್ನ ತಪ್ಪಿಗೆ ಬೇರೆಯವಳ ಕೆಲಸ ಹೋಯಿತು, ಫಾದರ್. ನಾನು ಸುಮ್ಮನೆ ನಿಂತಿದ್ದೆ." ಪ್ರತಿ ಸಲವೂ ಕ್ಷಮೆ ಸಿಗುತ್ತಿತ್ತು, ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯೆ ಜಪ. ಮನೆಗೆಂದು ಪಡೀಲಿನ ಬಸ್ಸು ಹತ್ತುವಷ್ಟರಲ್ಲಿ ಎದೆ ಮತ್ತೆ ಮೊದಲಿನಷ್ಟೇ ಭಾರ.

ನಡೆದದ್ದು ಎಪ್ಪತ್ತನಾಲ್ಕರ ಮಳೆಗಾಲದಲ್ಲಿ. ಪೇಟೆಯ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅವಳು ನರ್ಸು. ತೂಕ ಕಡಿಮೆಯಿದ್ದ ಒಂದು ಕೂಸಿನ ಕಾಲಡಿಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟವಳು ಅವಳೇ. ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣು ಎಳೆಯುತ್ತಿತ್ತು. ಚೀಲಕ್ಕೆ ಬಟ್ಟೆ ಸುತ್ತಲು ಮರೆತಳು. ಕೂಸಿನ ಪಾದದಲ್ಲಿ ಬೊಬ್ಬೆ ಎದ್ದಿತು. "ಯಾರು ಇಟ್ಟದ್ದು?" ಎಂದು ಡಾಕ್ಟರು ಗುಡುಗಿದಾಗ ಒಲಿಂಡಾ ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಾ ಗುಣವತಿಯ ಕಡೆ ನೋಡಿದಳು, ಅಷ್ಟೆ. ಅಷ್ಟೇ ಸಾಕಾಯಿತು. ಸಂಜೆಗೆ ಗುಣವತಿಯನ್ನು ಕೆಲಸದಿಂದ ತೆಗೆದರು.

ಈ ಸಲ ಜಾಲರಿಯ ಆಚೆ ಕೂತಿದ್ದವರು ಹೊಸದಾಗಿ ಬಂದ ಮುದಿ ಪಾದ್ರಿ. ಕೆಮ್ಮುತ್ತಾ ಕೇಳಿದರು, "ಇದನ್ನು ಮೊದಲು ಹೇಳಿದ್ದುಂಟಾ, ಮಗಳೇ?"

"ಏಳು ಸಲ, ಫಾದರ್."

"ದೇವರಿಗೆ ಕಿವಿ ಮಂದ ಇಲ್ಲ. ಮೊದಲ ಸಲವೇ ಕೇಳಿದ್ದಾನೆ. ಅವಳಿಗೆ ಹೇಳಿದ್ದೀಯಾ?"

"ಇಲ್ಲ."

"ಹಾಗಾದರೆ ನೀನು ಬೇಸರ ಮಾಡಿಕೊಂಡದ್ದು ಮಾತ್ರ. ಪಶ್ಚಾತ್ತಾಪ ಅಂದರೆ ತಿರುಗಿ ನಡೆಯುವುದು. ಹೋಗು, ಅವಳನ್ನು ನೋಡು." ಆವತ್ತು ಅವರು ಪ್ರಾಯಶ್ಚಿತ್ತಕ್ಕೆ ಜಪ ಹೇಳಲೇ ಇಲ್ಲ.

ಮರುದಿನ ಭಾನುವಾರ. ಪೂಜೆ ಮುಗಿಸಿದವಳೇ ಬಂದರಿಗೆ ನಡೆದು, ಹೊಳೆಯಾಚೆ ಗುಣವತಿಯ ಊರಾದ ಬೆಂಗ್ರೆಯ ದೋಣಿ ಹತ್ತಿದಳು. ಐವತ್ತು ದಾಟಿದ ಮೊಣಕಾಲಿಗೆ ಕಾಲು ಹೂಳುವ ಹೊಯಿಗೆಯಲ್ಲಿ ನಡೆಯುವುದೇ ಒಂದು ಶಿಕ್ಷೆ. ಬಲೆ ಹೆಣೆಯುತ್ತಿದ್ದ ಹೆಂಗಸರು ಮನೆ ತೋರಿಸಿದರು. ಗುಣವತಿ ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಕೂದಲು ಅರ್ಧ ನೆರೆತಿತ್ತು.

"ಸಿಸ್ಟರ್ ಅಲ್ವಾ?" ಎಂದಳು. ಕೂರಲು ಹೇಳಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಒಲಿಂಡಾಳಿಗೆ ಮರೆತುಹೋದವು. "ಆ ಚೀಲ ಇಟ್ಟದ್ದು ನಾನು, ಗುಣವತಿ. ಅದನ್ನು ಹೇಳ್ಲಿಕ್ಕೆ ಬಂದೆ."

ಗುಣವತಿ ಬುಟ್ಟಿ ಕವುಚಿ ಹಾಕಿದಳು. "ನನಗೆ ಹೇಳಿ ಎಂತ ಮಾಡುದು? ನಾನು ಸುಡ್ಲಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದವರಿಗೆ ಹೇಳಿ."

ಆಮೇಲೆ ತಗ್ಗಿದ ದನಿಯಲ್ಲಿ ಅವಳೇ ಹೇಳಿದಳು. ಬೇರೆ ಯಾವ ಆಸ್ಪತ್ರೆಯವರೂ ಕೆಲಸ ಕೊಡಲಿಲ್ಲ. ಅದು ಹೋಗಲಿ, ಮೀನು ಮಾರಿ ಹೊಟ್ಟೆ ತುಂಬಿತು. ಆದರೆ ಸೊಸೆ ಚಂಪಾ, ಹೆತ್ತು ಎರಡು ತಿಂಗಳಾದರೂ, ಮಗುವನ್ನು ಅತ್ತೆಯ ಕೈಗೆ ಕೊಡುವುದಿಲ್ಲ. ಕೂಸಿನ ಕಾಲು ಸುಟ್ಟವಳು ಎಂದು ಯಾರೋ ಅವಳ ಕಿವಿಗೆ ಹಾಕಿದ್ದಾರೆ.

ಒಳಗೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಚಂಪಾಳನ್ನು ಒಲಿಂಡಾ ಹೊರಗೆ ಕರೆದಳು. ಬಲೆಯ ಹೆಂಗಸರೂ ಎದ್ದು ಬಂದರು. ಎಲ್ಲರೆದುರು ಒಂದನ್ನೂ ಬಿಡದೆ ಹೇಳಿದಳು. ಒಬ್ಬಳು "ಥೂ" ಎಂದಳು. ಚಂಪಾ ಮಾತ್ರ, "ಬಾಯಲ್ಲಿ ಯಾರಾದ್ರೂ ಹೇಳ್ಬಹುದು. ಆಸ್ಪತ್ರೆಯವರು ಹೇಳ್ಲಿ," ಎಂದು ಒಳಗೆ ಹೋದಳು.

ಸೋಮವಾರ ಒಲಿಂಡಾ ಎಲ್ಲವನ್ನೂ ಬರೆದು ಡಾಕ್ಟರ ಮೇಜಿನ ಮೇಲಿಟ್ಟಳು. "ಎಂಟು ವರ್ಷದ ಮೇಲೆ ಎಂತಕ್ಕೆ ಸಿಸ್ಟರ್ ಇದೆಲ್ಲ? ಬಿಡಿ ಮಾರಾಯ್ರೆ," ಎಂದರು ಅವರು. ಬಿಡಲಿಲ್ಲ. ನಾಲ್ಕು ಸಲ ಹೋಗಿ ಅವರ ಬಾಗಿಲಲ್ಲಿ ನಿಂತಳು. ಕೊನೆಗೆ ಆಯಾಳದ್ದು ತಪ್ಪಿಲ್ಲವೆಂದು ಆಸ್ಪತ್ರೆಯ ಮೊಹರಿನ ಕಾಗದವೊಂದು ಸಿಕ್ಕಿತು. ಒಲಿಂಡಾಳನ್ನು ಕೂಸುಗಳ ಕೋಣೆಯಿಂದ ತೆಗೆದು ಬಟ್ಟೆ ಮಡಚುವ ಕೋಣೆಗೆ ಹಾಕಿದರು. ಅವಳು ಕಲಿಸಿ ತಯಾರು ಮಾಡಿದ ಹುಡುಗಿಯರು ಅವಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಹಾಗೆ ಆಗಬಾರದಿತ್ತು ಎಂದು ಅವಳಿಗೆ ಅನ್ನಿಸಲಿಲ್ಲ. ದಣಿವು ಮಾತ್ರ ಆಗುತ್ತಿತ್ತು.

ಕಾಗದ ಹಿಡಿದು ಮತ್ತೆ ಬೆಂಗ್ರೆಗೆ ಹೋದಳು. ಚಂಪಾ ಅದನ್ನು ಎರಡು ಸಲ ಓದಿದಳು. ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಮಲಗಿಸಿದಳು. ಗುಣವತಿ ಮಗುವಿನ ತಲೆ ಮೂಸಿ ನೋಡಿದಳು, ತುಂಬ ಹೊತ್ತು ಮುಖ ಎತ್ತಲೇ ಇಲ್ಲ.

ಕ್ಷಮಿಸಿದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಒಲಿಂಡಾ ಕೇಳಲೂ ಇಲ್ಲ. ಎದ್ದು ಹೊರಟಾಗ ಗುಣವತಿಯೇ, "ಬಿಸಿಲು ಉಂಟು. ನೀರು ಕುಡಿದು ಹೋಗಿ," ಎಂದಳು. ಒಲಿಂಡಾ ಜಗಲಿಯ ಅಂಚಿನಲ್ಲಿ ಕೂತು ಕುಡಿದಳು.