ಬಿಸಿಲಲ್ಲಿ ಓದಿದ ಮಳೆ ಪುಸ್ತಕ

ಹೊಸ ಅಗ್ರಹಾರದ ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೊಸದಾಗಿ ಬಂದ ಶಿವನಂಜಮ್ಮ ಟೀಚರು ಮೈಸೂರಿನಿಂದ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ತಂದಿದ್ದರು. ಪುಟಪುಟದಲ್ಲೂ ಮಳೆ. "ಶಾಲೆ ಹೊತ್ತಲ್ಲಿ ಮಳೆ ಬಂದ ದಿನ ಪಾಠ ಇಲ್ಲ. ಎಲ್ಲರೂ ಕೂತು ಇದನ್ನೇ ಓದೋಣ," ಎಂದು ಮಕ್ಕಳಿಗೆ ಮಾತು ಕೊಟ್ಟರು.

ಅರವತ್ತರ ದಶಕದ ಕೊನೆಯ ಮಾತು. ಆ ವರ್ಷದ ಮಳೆಗೆ ಶಾಲೆಯೆಂದರೆ ಆಗುತ್ತಿರಲಿಲ್ಲವೋ ಏನೋ, ರಾತ್ರಿ ಸುರಿಯುತ್ತಿತ್ತು, ಭಾನುವಾರ ಸುರಿಯುತ್ತಿತ್ತು, ಗಂಟೆ ಬಾರಿಸಿದೊಡನೆ ನಿಂತುಬಿಡುತ್ತಿತ್ತು. ಎರಡನೇ ಕ್ಲಾಸಿನ ಮಾದೇವಿ ಸುಡುಬಿಸಿಲಲ್ಲೂ ಮಳೆಗೆಂದು ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಬೆಳಗಾದರೆ ಅಜ್ಜಿ ಕುಳ್ಳಮ್ಮನನ್ನು ಅಲುಗಾಡಿಸಿ ಎಬ್ಬಿಸುವಳು.

"ಅಜ್ಜಿ, ಇವತ್ತಾದ್ರೂ ಬತ್ತದಾ?"

"ನಾನೇನ್ ಮಳೆರಾಯನ ಸೊಸೇನಾ? ಮನಿಕ್ಕ ಓಗು."

ಒಂದು ಮಧ್ಯಾಹ್ನ ಟೀಚರು ಮಗ್ಗಿ ಹೇಳಿಸುತ್ತಿದ್ದಾಗ ಹೆಂಚಿನ ಸೂರಿನಿಂದ ನೀರು ಇಳಿಯತೊಡಗಿತು. ಮಕ್ಕಳು ಧಡಧಡನೆ ಎದ್ದರು. ಟೀಚರು ಹೊರಗೆ ಬಂದು ನೋಡಿದರೆ ಅಂಗಳದ ತುಂಬ ಬಿಸಿಲು. ಗೋಡೆಗೆ ಒರಗಿಸಿದ ಏಣಿಯ ಮೇಲೆ ಸೀರೆ ಎತ್ತಿ ಕಟ್ಟಿದ ಕುಳ್ಳಮ್ಮ, ಕೈಯಲ್ಲಿ ಬಿಂದಿಗೆ.

"ಏನಜ್ಜಿ ಇದು?"

"ಮಳೆ ಕಣ್ರವ್ವ. ಈ ಕೂಸಿನ ಕಾಟ ತಡೀನಾರೆ. ನೀವು ಓದಿ, ನಾನು ಉಯ್ತೀನಿ. ವಸಿ ಜೋರಾಗ್ ಓದ್ರವ್ವ, ನಂಗೂ ಕೇಳ್ಲಿ."

ಬೈಯಬೇಕೆಂದು ಬಾಯಿ ತೆರೆದ ಟೀಚರಿಗೆ ನಗು ಬಂತು. ಪುಸ್ತಕ ತಂದು ಬಾಗಿಲಲ್ಲೇ ಕೂತರು. ಅವರು ತುಂತುರು ಎಂದು ಓದಿದರೆ ಕುಳ್ಳಮ್ಮ ಕೈಯಿಂದ ಚಿಮುಕಿಸಿದಳು. ಜೋರು ಮಳೆ ಎಂದರೆ ಅರ್ಧ ಬಿಂದಿಗೆ ಸುರಿದಳು. ಮಕ್ಕಳು ಸೂರಿನಡಿ ಕೈಯೊಡ್ಡಿ ಕುಣಿದರು. ಬಿಂದಿಗೆ ಬರಿದಾದಾಗ ದೊಡ್ಡ ಹುಡುಗರು ತುಂಬಿ ಮೇಲಕ್ಕೆ ಕೊಟ್ಟರು.

ಗುಡುಗಿನ ಪುಟ ಬಂತು. ಕುಳ್ಳಮ್ಮ ಉತ್ಸಾಹದಲ್ಲಿ ತುಂಬಿದ ಬಿಂದಿಗೆಯನ್ನೇ ಬೋರಲು ಹಾಕಿದಳು. ಗದ್ದಲವೇನೆಂದು ನೋಡಲು ಹೆಡ್‌ಮೇಷ್ಟ್ರು ನೀಲಕಂಠಸ್ವಾಮಿ ಅದೇ ಹೊತ್ತಿಗೆ ಸೂರಿನ ಕೆಳಗೆ ಕಾಲಿಟ್ಟಿದ್ದರು. ಕೋಟು, ಟೋಪಿ, ಕನ್ನಡಕ ಎಲ್ಲ ತೊಯ್ದುಹೋಯಿತು.

ಕುಣಿಯುತ್ತಿದ್ದ ಮಕ್ಕಳು ಓಡಿ ಟೀಚರ ಸುತ್ತ ಕೂತುಬಿಟ್ಟರು. ಮೇಲಿನಿಂದ ಕುಳ್ಳಮ್ಮನ ದನಿ ಬಂತು: "ಮಳೆ ಅಂದ್ರೆ ಅಂಗೇ ಕಣ್ ಸಾಮಿ. ಯೋಳಿ ಕೇಳಿ ಬತ್ತದಾ?"

ಹೆಡ್‌ಮೇಷ್ಟ್ರು ತಲೆಯೆತ್ತಿ ಬಿಂದಿಗೆಯನ್ನು ನೋಡಿದರು. ಆಮೇಲೆ ಅವರ ಕಣ್ಣು ತೆರೆದ ಪುಟದ ಮೇಲೆ ಬಿತ್ತು. ಅಲ್ಲೊಂದು ಕೋಳಿ, ಪುಕ್ಕವೆಲ್ಲ ನೆನೆದು, ತನಗೆ ಏನಾಯಿತೆಂದೇ ತಿಳಿಯದೆ ನಿಂತಿತ್ತು. ಟೀಚರು ಏನೋ ಹೇಳಲು ಹೋದರು.

"ಸ್ವಲ್ಪ ಸರಿದು ಕೂತ್ಕೊಳ್ರೋ," ಎಂದು ಹೆಡ್‌ಮೇಷ್ಟ್ರು ಮೈಯಿಂದ ನೀರು ಸುರಿಸುತ್ತಲೇ ಮಕ್ಕಳ ನಡುವೆ ಕೂತರು. "ಪಾಪ, ಈ ಕೋಳಿ ಗತಿ ಏನಾಯ್ತು? ಮುಂದೆ ಓದಿ ಟೀಚರ್."