ಡಿಶ್ ತಿರುಗಿಸುವವನು

ಆರ್ಡಿತ್ ಶೆಲ್‌ಸ್ಟಾಡ್‌ಗೆ ಹೊಸ ಆಂಟೆನಾ ಬೇಕಾಗಿದ್ದದ್ದು ಹಳೆಯದು ಕೆಟ್ಟುಹೋಗಿದೆ ಅಂತಲ್ಲ. ಹಳೆಯದು ಅವಳ ಮಾತು ಕೇಳುತ್ತಿತ್ತು, ಅದೇ ತೊಂದರೆ. ಈ ಕಾರಣವನ್ನು ಅಂಗಡಿಯವನ ಮುಂದೆ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅಂಗಡಿ ಅಂದರೆ ಕ್ವಾರ್ಟ್ಸೈಟ್ ಅನ್ನುವ ಊರಿನ ಮರಳುಗಾಡಿನಲ್ಲಿ, ಬಣ್ಣದ ಕಲ್ಲು ಮಾರುವವರ ಸಾಲಿನ ಕೊನೆಗೆ, ಓಡೆಲ್ ಪ್ರೂಯಿಟ್ ಹಾಕಿಕೊಂಡಿದ್ದ ಡೇರೆ. ಚಳಿಗಾಲ ಬಂತೆಂದರೆ ಉತ್ತರದ ಮುದುಕ ಮುದುಕಿಯರೆಲ್ಲ ಒಳಗೇ ಒಲೆ ಹಾಸಿಗೆಯಿರುವ ಮನೆಗಾಡಿ ಓಡಿಸಿಕೊಂಡು ಅಲ್ಲಿಗೆ ಬಂದು ಬೀಡುಬಿಡುತ್ತಾರೆ. ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟು ಬಂದಾರು, ಟಿವಿ ಬಿಟ್ಟು ಬರಲಾರರು. ಓಡೆಲ್‌ನ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ.

"ಮೂರು ಜಾತಿ ಇದೆ ನೋಡಿ ಅಮ್ಮಾ," ಅಂದ ಓಡೆಲ್. "ಇದು ಮುಕ್ಕಾಲಿ ಡಿಶ್ಶು. ಗಾಡಿ ಮರದ ಕೆಳಗಿದ್ರೂ ಇದನ್ನ ಬಯಲಿಗೆ ಒಯ್ದು ನಿಲ್ಲಿಸ್ಬಹುದು. ಆದ್ರೆ ಕೈಯಲ್ಲೇ ತಿರುಗಿಸ್ಬೇಕು, ಇಬ್ರಾದ್ರೂ ಬೇಕು. ಇದು ನೆಲದ ಮೇಲಿಡೋ ಪೆಟ್ಟಿಗೆ, ತಾನೇ ಉಪಗ್ರಹ ಹುಡುಕ್ಕೊಳ್ಳತ್ತೆ. ಎತ್ತಿಡೋದು ಮರೆತು ಗಾಡಿ ಹೊರಡಿಸೋರೇ ಜಾಸ್ತಿ. ಹೋದ್ವಾರ ಒಬ್ಬ ಪುಣ್ಯಾತ್ಮ ಹೆದ್ದಾರಿವರೆಗೂ ಎಳ್ಕೊಂಡು ಹೋಗಿದ್ದ! ಇನ್ನು ಇದು ಗುಮ್ಮಟ. ಗಾಡಿ ನೆತ್ತಿ ಮೇಲೆ ಕೂತ್ರೆ ಮುಗೀತು. ಮೇಲೆ ಆಕಾಶ ಕಾಣ್ಬೇಕು, ಅಷ್ಟೇ."

"ಇದಕ್ಕೆ ಹೊರಗೆ ಯಾರೂ ನಿಲ್ಲೋದು ಬೇಡ್ವಾ?"

"ಯಾರೂ ಬೇಡ."

"ನಿಜ ಹೇಳಿ. ಒಬ್ರೂ ಬೇಡ್ವಾ?"

ಓಡೆಲ್ ನಕ್ಕ. "ಗಂಡ ಹೆಂಡ್ತಿ ಜಗಳ ತಪ್ಪಿಸೋಕೇ ಕಂಡುಹಿಡಿದಿರೋದಮ್ಮಾ ಇದು. ಈಗ ಯಾರು ತಿರುಗಿಸ್ಕೊಡ್ತಾರೆ ನಿಮ್ಗೆ?"

"ಪಕ್ಕದ ಗಾಡಿಯವ್ರು," ಎಂದು ಆರ್ಡಿತ್ ಸುಳ್ಳು ಹೇಳಿದಳು. ಎಪ್ಪತ್ತೆರಡು ವರ್ಷದ ಅವಳಿಗೆ ಸುಳ್ಳು ಹೇಳಿದರೆ ಇನ್ನೂ ಕಿವಿ ಬಿಸಿಯಾಗುತ್ತಿತ್ತು.

ಡಿಶ್ ಕೂರಿಸುವುದು ಆ ಜನರಲ್ಲಿ ದೊಡ್ಡ ಜಗಳದ ಹೊತ್ತು. ಗಂಡ ಹೊರಗೆ ಬಗ್ಗಿ ನಿಂತು ಕೂದಲೆಳೆಯಷ್ಟೇ ಅತ್ತಿತ್ತ ತಿರುಗಿಸಬೇಕು. ಹೆಂಡತಿ ಒಳಗೆ ಸಿಗ್ನಲ್ ಎಷ್ಟೆಂದು ತೋರಿಸುವ ಪರದೆಯ ಮೇಲಿನ ಅಂಕಿ ನೋಡುತ್ತ ಕಿಟಕಿಯಿಂದ ಕೂಗಬೇಕು. ಏರಿತು, ಇಳಿಯಿತು, ಎಡಕ್ಕೆ, ಅಯ್ಯೋ ಅಷ್ಟಲ್ಲ! ಡಿಶ್ ಹೊತ್ತಿನಲ್ಲಿ ಆಡಿದ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಅನ್ನುವುದು ಅಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಆರ್ಡಿತ್‌ಳ ಗಂಡ ವರ್ಲಿನ್‌ಗೆ ಆ ಬೈಗುಳವೇ ಒಂದು ಮೋಜು. ಅಷ್ಟೆಲ್ಲ ಬೈಸಿಕೊಂಡು ಅವನು ಮೊದಲು ನೋಡುತ್ತಿದ್ದದ್ದು ತಮ್ಮೂರು ಮೈನಾಟ್‌ನ ಹವಾಮಾನವನ್ನು. ಅಲ್ಲಿ ಹಿಮ ಬೀಳುತ್ತಿದೆ ಅಂದರೆ ಇಲ್ಲಿ ಬನಿಯನ್ನಿನಲ್ಲಿ ಕೂತು ತೊಡೆ ತಟ್ಟಿ ನಗುತ್ತಿದ್ದ.

ಹೋದ ಫೆಬ್ರವರಿಯಲ್ಲಿ, ನ್ಯೂ ಮೆಕ್ಸಿಕೊದ ಒಂದು ಬಯಲಿನಲ್ಲಿ, ಅಂಕಿ ನಲವತ್ತೊಂದಕ್ಕೆ ಬಂದು ನಿಂತುಬಿಟ್ಟಿತು.

"ಇನ್ನೂ ಸ್ವಲ್ಪ ಎಡಕ್ಕೆ," ಎಂದು ಆರ್ಡಿತ್ ಕೂಗಿದಳು. ಅಂಕಿ ಅಲುಗಲಿಲ್ಲ. "ಎಡ ಅಂದೆ ಕಣೋ! ಯಾವ ಕೈ ಎಡ ಅಂತ ಈ ವಯಸ್ಸಲ್ಲಿ ಹೇಳ್ಕೊಡ್ಲಾ? ಏ ವರ್ಲಿನ್, ನಿಂತಲ್ಲೇ ನಿದ್ದೆ ಹೋದ್ಯಾ? ಒಂದು ಕೆಲ್ಸ ನೆಟ್ಟಗೆ ಮಾಡಿದ್ರೆ ಕೇಳು!"

ಹೀಗೆ ಇಪ್ಪತ್ತು ನಿಮಿಷ ಬೈದಳು. ಆಮೇಲೆ ರೇಗಿಕೊಂಡು ಹೊರಗೆ ಬಂದಾಗ ಅವನು ಮುಕ್ಕಾಲಿಯ ಪಕ್ಕ ಮಕಾಡೆ ಬಿದ್ದಿದ್ದ. ಜೀವ ಹೋಗಿ ಆಗಲೇ ಬಹಳ ಹೊತ್ತಾಗಿರಬೇಕು ಅಂದರು ಆಂಬುಲೆನ್ಸಿನಲ್ಲಿ ಬಂದವರು. ಇಪ್ಪತ್ತು ನಿಮಿಷ ಅವಳು ಬೈದದ್ದು ಹೆಣವನ್ನು. ಇದನ್ನು ಅವಳು ಮಗಳಿಗೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ, ಒಬ್ಬಳೇ ಹೊರಟ ಮೊದಲ ಬೀಡಿನಲ್ಲಿ, ಮುಕ್ಕಾಲಿಯನ್ನು ಹೇಗೋ ನಿಲ್ಲಿಸಿ ಒಳಗೆ ಬಂದು ಟಿವಿ ಹಾಕಿದಳು. ನಲವತ್ತೊಂದು. ಅಭ್ಯಾಸ ಬಿಡುತ್ತದೆಯೇ, ಬಾಯಿ ತಾನಾಗಿ "ಎಡಕ್ಕೆ" ಅಂದಿತು. ಅಂಕಿ ಐವತ್ತಾಯಿತು. "ಇನ್ನೂ ಸ್ವಲ್ಪ," ಅಂದಳು. ಎಪ್ಪತ್ತು. ಎಂಬತ್ತೆಂಟು. ಬಾಗಿಲಿಗೆ ಓಡಿ ನೋಡಿದರೆ ಹೊರಗೆ ಒಂದು ನರಪಿಳ್ಳೆಯೂ ಇಲ್ಲ, ಗಾಳಿಯೂ ಇಲ್ಲ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಭಯಕ್ಕಿಂತ ಹೆಚ್ಚಾಗಿ ಅದು ಸಂತೋಷ.

ಆಮೇಲೆ ಅದೇ ಒಂದು ಹುಚ್ಚಾಯಿತು. ಮಾತಾಡಿಸಿದರೆ ವರ್ಲಿನ್ ಉತ್ತರ ಕೊಡುತ್ತಿರಲಿಲ್ಲ. ಡಿಶ್ ತಿರುಗಿಸು ಅಂದರೆ ಮಾತ್ರ ತಿರುಗಿಸುತ್ತಿದ್ದ. ಅದಕ್ಕೆಂದೇ ವಾರಕ್ಕೆರಡು ಸಲ ಬೀಡು ಬದಲಿಸಿದಳು. ಅಕ್ಟೋಬರಿನಲ್ಲಿ ಯೂಟಾದಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಸುರಿಯಿತು. ನೆಲವೆಲ್ಲ ಬೆಳ್ಳಗಾಗಿದ್ದರೂ ಮುಕ್ಕಾಲಿಯ ಪಕ್ಕದಲ್ಲಿ ಎರಡು ಬೂಟಿನಗಲದಷ್ಟು ಜಾಗ ಒಣಗಿಯೇ ಇತ್ತು. ಸುತ್ತ ಕಲ್ಲು ಬೀಳುತ್ತಿತ್ತು, ಅಲ್ಲಿ ಮಾತ್ರ ಬೀಳುತ್ತಿರಲಿಲ್ಲ. ಅಯ್ಯೋ, ಇವನು ಇನ್ನೂ ಹೊರಗೇ ಇದ್ದಾನೆ, ಈ ಚಳಿಯಲ್ಲಿ, ಬೈಸಿಕೊಂಡ ಮುಕ್ಕಾಲಿಯ ಪಕ್ಕದಲ್ಲೇ ನಿಂತಿದ್ದಾನೆ ಅಂದುಕೊಂಡಳು.

ಅವತ್ತೇ ಡಿಶ್ ಮಡಚಿ ಗಾಡಿಯ ಕೆಳಗಿನ ಸಾಮಾನಿನ ಗೂಡಿಗೆ ತಳ್ಳಿದಳು. ಮೂರನೇ ದಿನದಿಂದ ಜಲ್ಲಿಯ ಮೇಲೆ ಹೆಜ್ಜೆಗಳು ಶುರುವಾದವು. ಹಾಡುಹಗಲಲ್ಲೇ, ಗಾಡಿಯ ಸುತ್ತ, ಒಂದು ಸುತ್ತು, ಇನ್ನೊಂದು ಸುತ್ತು. ಗೂಡಿನ ಹತ್ತಿರ ಬಂದಾಗ ಒಳಗಿನ ಮುಕ್ಕಾಲಿ ಕಟಕಟ ಅನ್ನುತ್ತಿತ್ತು. ಕೆಲಸ ಕೊಡು ಅಂತ ಕೇಳಿದ ಹಾಗೆ.

ಯಾರೂ ತಿರುಗಿಸಬೇಕಾಗಿಲ್ಲದ ಆಂಟೆನಾ ಬಂದರೆ ತನ್ನ ಕೆಲಸ ಮುಗಿಯಿತೆಂದು ಅವನಿಗೆ ತಿಳಿಯಬಹುದು. ಅವಳಿಗೆ ಇದ್ದ ದಾರಿ ಅದೊಂದೇ. ಅದು ಅವನನ್ನು ಬಿಡಿಸಿದಂತೆಯೋ ಹೊರಗೆ ದಬ್ಬಿದಂತೆಯೋ ಅನ್ನುವುದು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ.

"ಗುಮ್ಮಟಾನೇ ಕೊಡಿ," ಅಂದಳು ಓಡೆಲ್‌ಗೆ. "ಇನ್ಮೇಲೆ ಮರದ ಕೆಳಗೆ ನಿಲ್ಲಿಸೋದೇ ಇಲ್ಲ."

ಊಟ ಮುಗಿಸಿ ಓಡೆಲ್ ಅವಳ ಬೀಡಿಗೇ ಬಂದು ಏಣಿ ಹತ್ತಿದ. ತೂತು ಕೊರೆದ, ಅಂಟು ಮೆತ್ತಿದ, ಕೇಬಲ್ ಇಳಿಬಿಟ್ಟ. ಆರ್ಡಿತ್ ಒಳಗೆ ಕೂತಿದ್ದಳು. ತಲೆಯ ಮೇಲೆ ಗುಮ್ಮಟ ಗುರ್ ಎಂದು ತನ್ನಷ್ಟಕ್ಕೆ ತಿರುಗಿತು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ತೊಂಬತ್ತಮೂರು. ಎಷ್ಟು ಸುಲಭ ಅನ್ನಿಸಿ ಅವಳಿಗೆ ಸಿಟ್ಟೇ ಬಂತು.

"ಚಿತ್ರ ಬಂತೇನಮ್ಮಾ?" ಮೇಲಿನಿಂದ ಓಡೆಲ್ ಕೂಗಿದ.

ಅವಳು ಇನ್ನೂ ಅಂಕಿಯನ್ನೇ ನೋಡುತ್ತಿದ್ದಳು.

"ಹೇಳ್ರಮ್ಮಾ! ನೀವು ಸಾಕು ಅನ್ನದೆ ನಾನು ಹೇಗೆ ಇಳೀಲಿ? ಇಲ್ಲೇ ಕೂತು ಒಣಗಿ ಹೋಗ್ಲಾ?"

"ಸಾಕು, ಇಳೀರಿ," ಅಂದಳು. ಅಂದವಳ ಬಾಯಿ ತೆರೆದಂತೆಯೇ ಉಳಿಯಿತು.

ಆ ಮಾತನ್ನು ವರ್ಲಿನ್‌ಗೆ ಕಡೆಯ ಸಲ ಹೇಳಿಯೇ ಇರಲಿಲ್ಲ. ಹತ್ತೊಂಬತ್ತು ಚಳಿಗಾಲ, ಪ್ರತಿ ಬೀಡಿನಲ್ಲೂ, ಎಷ್ಟೇ ಜಗಳವಾಡಿದರೂ, ಕೊನೆಗೆ ಕಿಟಕಿಯಿಂದ ಸಾಕು ಬಾ ಅನ್ನುತ್ತಿದ್ದಳು. ಅವನು ಬಿದ್ದ ದಿನ ಅನ್ನಲಿಲ್ಲ. ಏಪ್ರಿಲ್‌ನಿಂದ ಈಚೆಗೂ ಅನ್ನಲಿಲ್ಲ. ಅಂಕಿ ಏರುತ್ತಲೇ ಬಾಗಿಲಿಗೆ ಓಡುತ್ತಿದ್ದಳು, ಇಲ್ಲವೇ ಅಳುತ್ತಿದ್ದಳು. ಕೆಲಸ ಹೇಳಿದ್ದಳೇ ಹೊರತು ಮುಗಿಯಿತು ಅಂತ ಹೇಳಿರಲಿಲ್ಲ.

ಓಡೆಲ್ ಹೋದ ಮೇಲೆ ಇಳಿಬಿಸಿಲಿನಲ್ಲಿ ಹೆಜ್ಜೆಗಳು ಕೇಳಿಸಿದವು. ಗುಮ್ಮಟ ಬಂದರೂ ಅವನು ಹೋಗಿರಲಿಲ್ಲ. ಆರ್ಡಿತ್ ಬಾಗಿಲು ತೆರೆದು ಅದರ ಪಕ್ಕದ ಕುರ್ಚಿಯಲ್ಲಿ ಕೂತಳು. ಸಾಕು, ಹೋಗು ಅಂದರೆ ಹೋಗಬಹುದು. ಬುದ್ಧಿ ಇದ್ದವರು ಹಾಗೇ ಅನ್ನುತ್ತಾರೆ. ಒಳಗೆ ಕರೆದರೆ ಬರುವುದು ಎಂಥದ್ದೋ ಯಾರಿಗೆ ಗೊತ್ತು, ಬಂದದ್ದು ಮತ್ತೆ ಹೋದೀತೋ ಇಲ್ಲವೋ. ಆದರೆ ನಲವತ್ತಾರು ವರ್ಷ ಬಾಳಿದ ಗಂಡನನ್ನು ಹೊಸಿಲಾಚೆಯಿಂದಲೇ ಕಳಿಸಿಬಿಡುವುದು ಅವಳಿಂದಾಗಲಿಲ್ಲ.

"ವರ್ಲಿನ್," ಅಂದಳು. "ಚಿತ್ರ ಚೆನ್ನಾಗಿ ಬಂತು ಕಣೋ. ಅವತ್ತು ಬೈದದ್ದು ನನ್ನ ತಪ್ಪು. ನೀನು ಬಿದ್ದಿದ್ದೀಯ ಅಂತ ಗೊತ್ತಿರ್ಲಿಲ್ಲ ಕಣೋ, ಗೊತ್ತಿದ್ರೆ ಬೈತಿದ್ನಾ? ಇನ್ನು ಸಾಕು. ಒಳಗೆ ಬಾ."

ಜಲ್ಲಿಯ ಸದ್ದು ನಿಂತಿತು. ಆಮೇಲೆ ಕಬ್ಬಿಣದ ಮೆಟ್ಟಿಲು ಕಿರ್ ಅಂದಿತು, ಬಾಗಿಲ ಕಡೆಗೆ ಇಡೀ ಗಾಡಿ ಮೆಲ್ಲಗೆ ವಾಲಿತು, ವರ್ಲಿನ್ ಹತ್ತಿದಾಗ ವಾಲುತ್ತಿದ್ದಷ್ಟೇ. ಹೊರಗಿನ ಚಳಿಯೆಲ್ಲ ಒಮ್ಮೆಲೇ ಒಳಗೆ ಬಂದಂತಾಯಿತು. ಓಣಿಯಷ್ಟು ಇಕ್ಕಟ್ಟಿನ ಗಾಡಿ ಅದು, ಒಬ್ಬರು ಕೂತರೆ ಇನ್ನೊಬ್ಬರಿಗೆ ನಡೆಯಲು ಜಾಗವಿಲ್ಲ. ಆರ್ಡಿತ್ ತಲೆ ಎತ್ತಲಿಲ್ಲ. ಕಾಲು ಮಡಚಿಕೊಂಡು ದಾರಿ ಬಿಟ್ಟಳು.